ಶಾರ್ತ್ರ್ ಕೆಥೆಡ್ರಲ್‌ನ ಒಳಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಿಸ್‌ಗೆ ಹೋದವರೆಲ್ಲ ನೋತ್ರ್ ದಾಮ್ ನೋಡುತ್ತಾರೆ. ಬಿಡುವಿದ್ದವರು ಮೊಂಪಾರ್ನಾಸ್ ನಿಲ್ದಾಣದಲ್ಲಿ ರೈಲು ಹತ್ತಿ, ಒಂದು ಗಂಟೆ ದೂರದ ಶಾರ್ತ್ರ್‌ಗೂ ಹೋಗಿ ಬರುತ್ತಾರೆ. ಗಾಥಿಕ್ ಅಂದರೆ ಯುರೋಪಿನ ಮಧ್ಯಯುಗದ ಒಂದು ಕಟ್ಟಡ ಶೈಲಿ. ಅಂಥ ಕಟ್ಟಡದ ಒಳಗೆ ಏನಿರುತ್ತದೆ ಅಂತ ತಿಳಿಯಬೇಕಾದರೆ ನನ್ನ ಪ್ರಕಾರ ಶಾರ್ತ್ರೇ ಮೇಲು. 12 ಮತ್ತು 13ನೇ ಶತಮಾನದ ಗಾಜು ಇಷ್ಟೊಂದು ಪ್ರಮಾಣದಲ್ಲಿ ತನ್ನ ಜಾಗದಲ್ಲೇ ಉಳಿದಿರುವ ಚರ್ಚ್ ಬಹಳ ಕಡಿಮೆ. ಹೋಗುವ ಮೊದಲು, ಹೋಗಿ ಬಂದ ಮೇಲೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಗಾಥಿಕ್ ಅಂದ್ರೆ ಬೆಳಕು ಅಂತಾರೆ. ಒಳಗೆ ಕಾಲಿಟ್ಟರೆ ಕತ್ತಲೆ. ಯಾಕೆ?

ಕಿಟಕಿಗಳು ದೊಡ್ಡವು, ನಿಜ. ಆದರೆ ಅವುಗಳಲ್ಲಿರುವುದು ಕಡು ನೀಲಿ, ಕಡು ಕೆಂಪು ಗಾಜು. ಅದು ಬೆಳಕನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ. ಹಾಗಾಗಿ ಗೋಡೆ, ನೆಲ ಎಲ್ಲ ಮಬ್ಬಾಗಿ, ಗಾಜು ಮಾತ್ರ ಉರಿಯುವ ಹಾಗೆ ಕಾಣುತ್ತದೆ. ಹೊರಗಿನ ಬಿಸಿಲಿನಿಂದ ಬಂದವರು ಒಂದು ಕಡೆ ಸುಮ್ನೆ ಕೂತುಕೊಳ್ಳಿ. ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ಬಂದ ಕೂಡಲೇ ಫೋನ್ ಎತ್ತಿದರೆ ಫೋಟೊದಲ್ಲೂ ಏನೂ ಇರುವುದಿಲ್ಲ, ನೆನಪಿನಲ್ಲೂ ಇರುವುದಿಲ್ಲ.

ಈ ಕತ್ತಲೆ 18ನೇ ಶತಮಾನದ ಪಾದ್ರಿಗಳಿಗೂ ಸಾಕಾಗಿಹೋಗಿತ್ತು. ಪ್ರಾರ್ಥನೆ ಪುಸ್ತಕ ಓದಲು ಬೆಳಕು ಬೇಕು ಅಂತ ಪೀಠದ ಸುತ್ತಲಿನ ಕೆಲವು ಬಣ್ಣದ ಗಾಜುಗಳನ್ನು ತೆಗೆಸಿ ಬಿಳಿ ಗಾಜು ಹಾಕಿಸಿದರು. ಹೋದದ್ದು ಮತ್ತೆ ಬರಲಿಲ್ಲ.

ಒಳಗಿನ ನಕ್ಷೆ ಹೇಗಿದೆ? ದಾರಿ ತಪ್ಪುತ್ತದಾ?

ತಪ್ಪುವುದಿಲ್ಲ. ಮೇಲಿನಿಂದ ನೋಡಿದರೆ ಇಡೀ ಕಟ್ಟಡ ಒಂದು ಶಿಲುಬೆ. ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದರೆ ಎದುರಿಗೆ ಉದ್ದನೆಯ ನಡುಭಾಗ. ಇದಕ್ಕೆ ನೇವ್ ಅಂತಾರೆ. ಜನ ಸೇರುವುದು ಇಲ್ಲಿ. ಅದರ ಎಡಬಲಕ್ಕೆ ತಗ್ಗು ಛಾವಣಿಯ ಒಂದೊಂದು ಪಕ್ಕದ ಸಾಲು. ಮುಂದೆ ಹೋದರೆ ಶಿಲುಬೆಯ ಎರಡು ತೋಳುಗಳು, ಅಂದರೆ ಟ್ರಾನ್ಸೆಪ್ಟ್. ಅದರಾಚೆ ಪೂರ್ವಕ್ಕೆ ಕ್ವೈರ್. ಪಾದ್ರಿಗಳು ಕೂತು ಹಾಡುವ ಜಾಗ, ಪೀಠ ಇರುವುದೂ ಅಲ್ಲೇ. ಅದನ್ನು ಬಳಸಿಕೊಂಡು ಹಿಂದಿನಿಂದ ಒಂದು ಓಣಿ ಹೋಗುತ್ತದೆ. ಯಾತ್ರಿಕರು ಪೂಜೆಗೆ ಅಡ್ಡಿಯಾಗದಂತೆ ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಹಿಂಬದಿಯ ಪುಟ್ಟ ಪುಟ್ಟ ಗುಡಿಗಳಲ್ಲಿ ನಿಂತು ಬರಲಿ ಅಂತ ಮಾಡಿದ ದಾರಿ ಅದು. ಇಲ್ಲಿ ಅದು ಎರಡು ಸಾಲು ಅಗಲವಿದೆ.

ಒಟ್ಟು ಉದ್ದ ಸುಮಾರು 130 ಮೀಟರ್. ನೇವ್‌ನ ಅಗಲ ಸುಮಾರು 16 ಮೀಟರ್, ಎತ್ತರ ಸುಮಾರು 37 ಮೀಟರ್. ಅಗಲದ ಎರಡು ಪಟ್ಟಿಗಿಂತ ಜಾಸ್ತಿ ಎತ್ತರ. ಒಳಗೆ ಹೋದವರ ಕತ್ತು ತಾನಾಗೇ ಮೇಲಕ್ಕೆ ತಿರುಗುವುದು ಈ ಲೆಕ್ಕದಿಂದ.

ಅಷ್ಟು ಎತ್ತರದ ಕಲ್ಲಿನ ಛಾವಣಿ ಬೀಳದೆ ಹೇಗೆ ನಿಂತಿದೆ?

ಇದೇ ಮುಖ್ಯ ಪ್ರಶ್ನೆ. ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಕಲ್ಲಿನ ಕಮಾನು ತನ್ನ ಭಾರವನ್ನು ಬರೀ ಕೆಳಗೆ ಹಾಕುವುದಿಲ್ಲ. ಎರಡೂ ಪಕ್ಕಕ್ಕೆ ತಳ್ಳುತ್ತದೆ ಕೂಡ. ಗೋಡೆ ಎತ್ತರವಾದಷ್ಟೂ ಈ ತಳ್ಳಾಟ ಅಪಾಯ. ಹಿಂದಿನ ಕಾಲದ ಚರ್ಚ್‌ಗಳಲ್ಲಿ ಇದಕ್ಕಿದ್ದ ಉಪಾಯ ಒಂದೇ: ಗೋಡೆಯನ್ನೇ ದಪ್ಪಗೆ ಕಟ್ಟುವುದು. ದಪ್ಪ ಗೋಡೆಯಲ್ಲಿ ದೊಡ್ಡ ಕಿಟಕಿ ತೆಗೆಯಲು ಧೈರ್ಯ ಬಾರದು.

ಗಾಥಿಕ್ ಮೇಸ್ತ್ರಿಗಳು ಮೂರು ಉಪಾಯಗಳನ್ನು ಜೋಡಿಸಿದರು. ಮೊದಲನೆಯದು, ಛಾವಣಿಯ ಅಡಿಯಲ್ಲಿ ಒಂದನ್ನೊಂದು ಅಡ್ಡ ಹಾಯುವ ಕಲ್ಲಿನ ಪಕ್ಕೆಲುಬುಗಳು. ತಲೆಯೆತ್ತಿ ನೋಡಿದರೆ ಪ್ರತಿ ಅಂಕಣದಲ್ಲೂ ಒಂದು ದೊಡ್ಡ ಗುಣಾಕಾರ ಚಿಹ್ನೆ ಕಾಣುತ್ತದಲ್ಲ, ಅದು. ಪಕ್ಕೆಲುಬುಗಳ ನಡುವೆ ಛಾವಣಿಯ ಕಲ್ಲು ತೆಳ್ಳಗಿದ್ದರೂ ನಡೆಯುತ್ತದೆ. ಭಾರವೆಲ್ಲ ನಾಲ್ಕು ಮೂಲೆಗೆ ಹರಿದು ಕಂಬಕ್ಕೆ ಇಳಿಯುತ್ತದೆ. ಎರಡನೆಯದು ಚೂಪು ಕಮಾನು. ಅದರ ಮಾತು ಮುಂದಿನ ಪ್ರಶ್ನೆಯಲ್ಲಿದೆ.

ಮೂರನೆಯದು ಒಳಗೆ ನಿಂತವರಿಗೆ ಕಾಣುವುದೇ ಇಲ್ಲ. ಗೋಡೆಯ ಹೊರಗೆ, ಗಾಳಿಯಲ್ಲಿ ಬಾಗಿ ನಿಂತ ಅರೆ ಕಮಾನುಗಳು. ಫ್ಲೈಯಿಂಗ್ ಬಟ್ರೆಸ್ ಅಂತ ಕರೆಯುತ್ತಾರೆ. ಗೊನೆ ಬಿಟ್ಟ ಬಾಳೆಗಿಡಕ್ಕೆ ಊರುಗೋಲು ಕೊಡುತ್ತೀವಲ್ಲ, ಅದೇ ಕೆಲಸ. ಛಾವಣಿ ಹೊರಗೆ ತಳ್ಳುವ ಎತ್ತರದಲ್ಲೇ ಇವು ಆತುಕೊಂಡು ನಿಂತು, ಆ ತಳ್ಳಾಟವನ್ನು ದೂರದ ದಪ್ಪ ಗೋಡೆಕಂಬಗಳ ಮೂಲಕ ನೆಲಕ್ಕೆ ಸಾಗಿಸುತ್ತವೆ. ಕಂಬದಿಂದ ಕಂಬದವರೆಗಿನ ಗೋಡೆಗೆ ಮಾಡಲು ಹೆಚ್ಚು ಕೆಲಸ ಉಳಿಯಲಿಲ್ಲ. ಅದನ್ನು ತೆಗೆದು ಗಾಜು ತುಂಬಿದರು.

ಒಳಗಿನ ಸೊಬಗೆಲ್ಲ ಹೊರಗಿನ ಆ ಒರಟು ಕಲ್ಲಿನ ಕೃಪೆ ಅಂತ ನಾನು ಹೇಳುವುದು ಇದಕ್ಕೇ. ಒಳಗೆ ನೋಡಿ ಮುಗಿದ ಮೇಲೆ ದಯವಿಟ್ಟು ಹೊರಗೆ ಒಂದು ಸುತ್ತು ಹಾಕಿ. ಶಾರ್ತ್ರ್‌ನ ಬಟ್ರೆಸ್‌ಗಳು ಧಡೂತಿ. ಅನುಮಾನದಿಂದ, ಬೇಕಾದದ್ದಕ್ಕಿಂತ ಜಾಸ್ತಿ ಗಟ್ಟಿ ಕಟ್ಟಿದ್ದಾರೆ ಅನ್ನಿಸುತ್ತದೆ. ಅನುಮಾನ ಬಿಟ್ಟವರ ಕಥೆಯೂ ಇದೆ. ಶಾರ್ತ್ರ್ ಆದ ಮೇಲೆ ಫ್ರಾನ್ಸಿನ ಬೇರೆ ಊರುಗಳ ಕೆಥೆಡ್ರಲ್‌ಗಳು ಬಂದವು. ರ‍್ಯಾನ್ಸ್‌ನಲ್ಲಿ 38 ಮೀಟರ್, ಆಮ್ಯಾನ್‌ನಲ್ಲಿ 42 ಮೀಟರ್ ಅಂತ ಎತ್ತರ ಏರುತ್ತಾ ಹೋಯಿತು. ಬೋವೇ ಊರಿನವರು 48 ಮೀಟರ್‌ಗೆ ಹೋದರು. 1284ರಲ್ಲಿ ಅಲ್ಲಿನ ಕ್ವೈರ್‌ನ ಛಾವಣಿಯ ಒಂದು ಭಾಗ ಕುಸಿಯಿತು.

ಕಮಾನಿನ ತುದಿ ಚೂಪಾಗಿರುವುದು ಅಂದಕ್ಕಾ?

ಅಂದವೂ ಹೌದು, ಲೆಕ್ಕವೂ ಹೌದು. ಅರ್ಧ ವೃತ್ತದ ಕಮಾನಿನ ಎತ್ತರ ಅದರ ಅಗಲಕ್ಕೆ ಕಟ್ಟುಬಿದ್ದಿರುತ್ತದೆ. ಅಗಲ 10 ಮೀಟರ್ ಇದ್ದರೆ ಎತ್ತರ 5 ಮೀಟರ್, ಅಷ್ಟೇ. ಚೂಪು ಕಮಾನಿಗೆ ಈ ಹಂಗಿಲ್ಲ. ಕಡಿಮೆ ಅಗಲದ್ದನ್ನೂ ಹೆಚ್ಚು ಅಗಲದ್ದನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸಬಹುದು. ನೇವ್‌ನ ಒಂದೊಂದು ಅಂಕಣವೂ ಚೌಕವಲ್ಲ, ಅಡ್ಡಕ್ಕೆ ಅಗಲ, ಉದ್ದಕ್ಕೆ ಕಿರಿದು. ಅದನ್ನು ಮುಚ್ಚಲು ಚೂಪು ಕಮಾನೇ ಸಲೀಸು. ಜೊತೆಗೆ ಪಕ್ಕಕ್ಕೆ ತಳ್ಳುವುದೂ ಕಡಿಮೆ.

ಕಂಬಗಳೆಲ್ಲ ಒಂದೇ ಥರ ಇವೆಯಾ?

ದೂರದಿಂದ ಹೌದು. ಹತ್ತಿರ ಹೋಗಿ. ಒಂದು ಕಂಬದ ತಿರುಳು ದುಂಡಗಿದ್ದು, ಅದಕ್ಕೆ ಅಂಟಿದ ನಾಲ್ಕು ಸಣ್ಣ ಕಂಬಗಳು ಎಂಟು ಮುಖದವು. ಪಕ್ಕದ ಕಂಬಕ್ಕೆ ಎಂಟು ಮುಖದ ತಿರುಳು, ಸಣ್ಣ ಕಂಬಗಳು ದುಂಡಗೆ. ನೇವ್ ಉದ್ದಕ್ಕೂ ಹೀಗೇ ಅದಲು ಬದಲು. ಯಾವ ಭಾರ ಹೊರುವ ಲೆಕ್ಕಕ್ಕೂ ಇದು ಬೇಕಿರಲಿಲ್ಲ. ಯಾರೋ ಮೇಸ್ತ್ರಿಯ ಖುಷಿ. ಗೈಡ್‌ಗಳು ಇದನ್ನು ತೋರಿಸದೆ ಮುಂದೆ ಹೋಗುವುದುಂಟು, ನೀವೇ ನಿಂತು ನೋಡಿ.

ಕೆಳಗಿನ ಕಮಾನುಗಳಿಗೂ ಮೇಲಿನ ಕಿಟಕಿಗಳಿಗೂ ನಡುವೆ ಒಂದು ಕಪ್ಪು ಪಟ್ಟಿ ಇದೆ. ಅದೇನು?

ಅದು ಟ್ರೈಫೋರಿಯಂ. ಪುಟ್ಟ ಕಮಾನುಗಳ ಸಾಲು, ಹಿಂದೆ ಒಬ್ಬರು ನಡೆಯುವಷ್ಟು ಕಿರಿದಾದ ಓಣಿ. ಅಲ್ಲಿ ಕಿಟಕಿ ಇಡಲು ಆಗುತ್ತಿರಲಿಲ್ಲ. ಪಕ್ಕದ ಸಾಲಿನ ಇಳಿಜಾರು ಮಾಡು ಹೊರಗಿನಿಂದ ಬಂದು ಸರಿಯಾಗಿ ಅದೇ ಎತ್ತರದಲ್ಲಿ ಗೋಡೆಗೆ ತಾಗುತ್ತದೆ. ಹಾಗಾಗಿ ಕಪ್ಪು.

ಇದಕ್ಕಿಂತ ಮುಂಚಿನ ಗಾಥಿಕ್ ಚರ್ಚ್‌ಗಳಲ್ಲಿ ಈ ಜಾಗದಲ್ಲಿ ಇನ್ನೊಂದು ಇಡೀ ಮಹಡಿ ಇರುತ್ತಿತ್ತು. ನೇವ್‌ನ ಗೋಡೆಗೆ ಆಸರೆ ಕೊಡುವ ಕೆಲಸ ಅದರದ್ದೂ ಆಗಿತ್ತು. ಆ ಕೆಲಸವನ್ನು ಬಟ್ರೆಸ್‌ಗಳಿಗೆ ಒಪ್ಪಿಸಿ ಶಾರ್ತ್ರ್‌ನವರು ಆ ಮಹಡಿಯನ್ನೇ ಕೈಬಿಟ್ಟರು. ಉಳಿದ ಎತ್ತರವನ್ನು ಮೇಲಿನ ಕಿಟಕಿಗಳಿಗೆ ಕೊಟ್ಟರು. ಅದಕ್ಕೇ ಮೇಲಿನ ಕಿಟಕಿಗಳು ಹೆಚ್ಚೂಕಡಿಮೆ ಕೆಳಗಿನ ಕಮಾನುಗಳಷ್ಟೇ ಎತ್ತರ ಇವೆ. ಒಂದೊಂದು ಅಂಕಣಕ್ಕೂ ಎರಡು ನೀಳ ಕಿಟಕಿ, ಅವುಗಳ ತಲೆಯ ಮೇಲೆ ಒಂದು ದುಂಡು ಕಿಟಕಿ. ಈ ಮೂರಂತಸ್ತಿನ ಜೋಡಣೆ ಮುಂದೆ ರ‍್ಯಾನ್ಸ್, ಆಮ್ಯಾನ್‌ಗಳಿಗೂ ಮಾದರಿಯಾಯಿತು.

ಕಟ್ಟಿದವರು ಯಾರು? ನೂರಾರು ವರ್ಷ ಹಿಡಿಯಿತಾ?

ಮುಖ್ಯ ಮೇಸ್ತ್ರಿಯ ಹೆಸರು ಉಳಿದಿಲ್ಲ. ಕಾಲ ಮಾತ್ರ ನೀವು ಅಂದುಕೊಂಡಷ್ಟು ಹಿಡಿಯಲಿಲ್ಲ. 1194ರ ಜೂನ್‌ನಲ್ಲಿ ಹಳೆಯ ಚರ್ಚ್ ಬೆಂಕಿಗೆ ಸಿಕ್ಕಿತು. ಪಶ್ಚಿಮದ ಮುಖ, ಅಲ್ಲಿನ ಗೋಪುರಗಳು ಮತ್ತು ನೆಲಮಾಳಿಗೆ ಉಳಿದವು. ಮೇರಿ ಮಾತೆಯದೆಂದು ನಂಬುವ ಒಂದು ಬಟ್ಟೆ ಅಲ್ಲಿತ್ತು. 876ರಲ್ಲಿ ರಾಜ ಬೋಳು ಚಾರ್ಲ್ಸ್ ಕೊಟ್ಟದ್ದು. ಊರಿಗೆ ಯಾತ್ರಿಕರು ಬರುತ್ತಿದ್ದದ್ದೇ ಅದಕ್ಕಾಗಿ. ಅದೂ ಸುಟ್ಟುಹೋಯಿತು ಅಂತ ಜನ ಗೋಳಾಡುತ್ತಿರುವಾಗ, ಮೂರು ದಿನದ ಮೇಲೆ ಪಾದ್ರಿಗಳು ಅದನ್ನು ನೆಲಮಾಳಿಗೆಯಿಂದ ಜೋಪಾನವಾಗಿ ಹೊರಗೆ ತಂದರಂತೆ. ಮಾತೆಗೆ ಇನ್ನೂ ದೊಡ್ಡ ಮನೆ ಬೇಕಂತೆ ಅಂತ ಎಲ್ಲರೂ ಅರ್ಥ ಮಾಡಿಕೊಂಡರು. ಹಣ ಹರಿದು ಬಂತು.

1221ರ ಹೊತ್ತಿಗೆ ಪಾದ್ರಿಗಳು ಹೊಸ ಕ್ವೈರ್‌ನಲ್ಲಿ ಕೂತು ಪ್ರಾರ್ಥನೆ ಶುರು ಮಾಡಿದ್ದರು. ಅಂದರೆ ಮುಖ್ಯ ಕಟ್ಟಡ ಒಂದು ತಲೆಮಾರಿನಲ್ಲಿ ಎದ್ದಿತು. 1260ರಲ್ಲಿ ರಾಜ ಒಂಬತ್ತನೇ ಲೂಯಿಯ ಎದುರು ಪ್ರತಿಷ್ಠೆಯಾಯಿತು. ಕಲ್ಲು ಹತ್ತಿರದ ಬೆರ್ಶೇರ್ ಗಣಿಯದು. ಬೇಗ ಮುಗಿದದ್ದರಿಂದಲೇ ಒಳಭಾಗ ಒಂದೇ ಕೈಯ ಕೆಲಸದಂತೆ ಕಾಣುತ್ತದೆ.

ಆ ನೀಲಿ ಬಣ್ಣ ಹೇಗೆ ಬಂತು? ಗುಟ್ಟು ಕಳೆದುಹೋಗಿದೆ ಅಂತಾರಲ್ಲ?

ಗುಟ್ಟು ಕಳೆದಿದೆ ಅನ್ನುವುದು ಪ್ರವಾಸಿಗಳಿಗೆ ಹೇಳುವ ಮಾತು. ಗಾಜು ಕರಗಿರುವಾಗಲೇ ಲೋಹದ ಅಂಶ ಬೆರೆಸುತ್ತಿದ್ದರು: ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ, ನೇರಳೆಗೆ ಮ್ಯಾಂಗನೀಸ್. ಕೆಂಪು ಗಾಜಿನದ್ದು ಬೇರೆ ಪಾಡು. ಇಡೀ ಗಾಜನ್ನು ಕೆಂಪು ಮಾಡಿದರೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಹಿಡಿಸುತ್ತಿದ್ದರು.

ಮುಖ, ಕೂದಲು, ಬಟ್ಟೆಯ ಮಡಿಕೆ ಇವೆಲ್ಲ ಗಾಜಿನ ಮೇಲೆ ಕಂದು ಬಣ್ಣದಲ್ಲಿ ಬರೆದವು. ಲೋಹದ ಪುಡಿ, ಗಾಜಿನ ಪುಡಿ ಕಲಸಿ, ಬರೆದು, ಮತ್ತೆ ಕುಲುಮೆಯಲ್ಲಿ ಸುಟ್ಟು ಕೂರಿಸುತ್ತಿದ್ದರು. ಆಮೇಲೆ ಚೂರುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸಿ, ಕಬ್ಬಿಣದ ಚೌಕಟ್ಟಿಗೆ ಕಟ್ಟುತ್ತಿದ್ದರು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಸೀಸದ ಗೆರೆ ಸುಮ್ನೆ ಹೋಗಿಲ್ಲ ಅಂತ ತಿಳಿಯುತ್ತದೆ. ಅಂಗಿಯ ಅಂಚು, ತೋಳಿನ ಬಾಗು, ಕತ್ತಿನ ತಿರುವು ಎಲ್ಲಿದೆಯೋ ಅಲ್ಲೇ ಸೀಸ. ಚಿತ್ರದ ಗೆರೆಯೂ ಅದೇ, ಗಾಜು ಹಿಡಿಯುವ ಪಟ್ಟಿಯೂ ಅದೇ.

ತೀರಾ ಹಳೆಯ ಗಾಜು ಬೇಕಾದರೆ ಎರಡು ಕಡೆ ನೋಡಿ. ಪಶ್ಚಿಮದ ಬಾಗಿಲಿನ ಮೇಲಿನ ಮೂರು ನೀಳ ಕಿಟಕಿಗಳು ಸುಮಾರು 1150ರವು, ಬೆಂಕಿಯಿಂದ ಪಾರಾದವು. ಕ್ವೈರ್‌ನ ದಕ್ಷಿಣಕ್ಕೆ ಓಣಿಯಲ್ಲಿ ನೀಲಿ ಉಡುಪಿನ ಮೇರಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಕಿಟಕಿಯಿದೆ. ನಡುವಿನ ಆ ಮೇರಿಯ ಭಾಗ ಮಾತ್ರ 1180ರ ಸುಮಾರಿನದು. ಸುತ್ತಲಿನ ದೇವದೂತರನ್ನು ಹೊಸ ಕಟ್ಟಡದ ಕಿಟಕಿಗೆ ಹೊಂದಿಸಲು 13ನೇ ಶತಮಾನದಲ್ಲಿ ಸೇರಿಸಿದರು. ಎರಡು ನೀಲಿಗಳನ್ನು ಹೋಲಿಸಿ ನೋಡಿ, ಒಳಗಿನದು ತಿಳಿ, ಸುತ್ತಲಿನದು ಗಾಢ.

ಕಿಟಕಿಯಲ್ಲಿರುವ ಕಥೆಗಳನ್ನು ಓದುವುದು ಹೇಗೆ?

ಕೆಳಗಿನಿಂದ ಮೇಲಕ್ಕೆ. ಬಹುತೇಕ ಕಿಟಕಿಗಳಲ್ಲಿ ಕಥೆ ಕೆಳಗೆ ಶುರುವಾಗಿ, ಎಡದಿಂದ ಬಲಕ್ಕೆ ಸಾಗುತ್ತಾ ಮೇಲೇರುತ್ತದೆ. ಕ್ರಮ ತಪ್ಪುವ ಕಿಟಕಿಗಳೂ ಇವೆ, ತಲೆ ಕೆಡಿಸಿಕೊಳ್ಳಬೇಡಿ. ಎಲ್ಲವನ್ನೂ ಓದಿ ಮುಗಿಸುವ ಹಠವೂ ಬೇಡ.

ನನಗಂತೂ ಸಂತರ ಕಥೆಗಿಂತ ಕಿಟಕಿಯ ಬುಡದ ಚಿತ್ರಗಳೇ ಜಾಸ್ತಿ ಇಷ್ಟ. ಅಲ್ಲಿ ಊರಿನ ಕಸುಬಿನವರಿದ್ದಾರೆ. ಒಳ್ಳೆಯ ಸಮಾರ್ಯದವನ ಕಿಟಕಿಯಲ್ಲಿ ಚಮ್ಮಾರರು, ನೋಹನ ಕಿಟಕಿಯಲ್ಲಿ ಬಡಗಿಗಳು ಮತ್ತು ಚಕ್ರ ಮಾಡುವವರು, ಚಕ್ರವರ್ತಿ ಶಾರ್ಲೆಮೇನ್‌ನ ಕಿಟಕಿಯಲ್ಲಿ ತುಪ್ಪಳದ ನಿಲುವಂಗಿಯನ್ನು ಗಿರಾಕಿಗೆ ಬಿಡಿಸಿ ತೋರಿಸುತ್ತಿರುವ ವ್ಯಾಪಾರಿ. ರೊಟ್ಟಿ ಮಾಡುವವರು, ನೀರು ಹೊರುವವರೂ ಇದ್ದಾರೆ. ಇವರೇ ಹಣ ಹಾಕಿ ಕಿಟಕಿ ಮಾಡಿಸಿದರು ಅನ್ನುವುದು ಹಳೆಯ ವಿವರಣೆ. ಈಗಿನ ವಿದ್ವಾಂಸರು ಎಲ್ಲರೂ ಒಪ್ಪುವುದಿಲ್ಲ. ಊರಿನ ವ್ಯಾಪಾರದ ಮೇಲೆ ಚರ್ಚ್‌ಗಿದ್ದ ಹಿಡಿತವನ್ನೂ ಈ ಚಿತ್ರಗಳಲ್ಲಿ ನೋಡುವವರಿದ್ದಾರೆ. ಏನೇ ಇರಲಿ, 800 ವರ್ಷದ ಹಿಂದಿನ ಅಂಗಡಿ ಬೀದಿ ಅಲ್ಲಿದೆ.

ಮೂರು ದುಂಡು ಕಿಟಕಿಗಳಲ್ಲಿ ಯಾವುದನ್ನು ಬಿಡಬಾರದು?

ಉತ್ತರ ಮತ್ತು ದಕ್ಷಿಣದವನ್ನು ಒಟ್ಟಿಗೆ ನೋಡಿ. ಟ್ರಾನ್ಸೆಪ್ಟ್‌ನ ನಡುವೆ ನಿಂತು ತಿರುಗಿದರೆ ಎರಡೂ ಎದುರುಬದುರು. ಉತ್ತರದ್ದು ಒಂಬತ್ತನೇ ಲೂಯಿಯ ತಾಯಿ, ರಾಣಿ ಬ್ಲಾಂಶ್ ಕಾಲದ ಕಾಣಿಕೆ. ನೀಲಿಯ ಮೇಲೆ ಫ್ರಾನ್ಸಿನ ಲಿಲ್ಲಿ ಹೂ, ಕೆಂಪಿನ ಮೇಲೆ ಅವಳ ತವರು ಕ್ಯಾಸ್ಟೀಲ್‌ನ ಕೋಟೆ. ತವರನ್ನು ಮರೆಯದ ಹೆಣ್ಣುಮಗಳು.

ದಕ್ಷಿಣದ್ದು ಬ್ರಿಟನಿಯ ಡ್ಯೂಕ್ ಪಿಯೇರ್ ಮೋಕ್ಲೇರ್ ಮಾಡಿಸಿದ್ದು. ಬ್ಲಾಂಶ್ ಆಳ್ವಿಕೆಯ ವಿರುದ್ಧ ದಂಗೆ ಎದ್ದವನು ಇವನೇ. ಇದರ ಕೆಳಗಿನ ನೀಳ ಕಿಟಕಿಗಳಲ್ಲಿ ಒಂದು ವಿಚಿತ್ರ ಚಿತ್ರವಿದೆ. ಸುವಾರ್ತೆ ಬರೆದ ನಾಲ್ವರು, ಹಳೆಯ ಒಡಂಬಡಿಕೆಯ ನಾಲ್ವರು ಪ್ರವಾದಿಗಳ ಹೆಗಲೇರಿ ಕೂತಿದ್ದಾರೆ. ಜಾತ್ರೆಗೆ ಬಂದ ಮಕ್ಕಳಂತೆ ಅನ್ನಿಸಿದರೆ ನಗಬೇಡಿ. ದೈತ್ಯರ ಹೆಗಲ ಮೇಲೆ ಕೂತ ಕುಳ್ಳರು ನಾವು, ಅದಕ್ಕೇ ದೂರ ಕಾಣುತ್ತೇವೆ ಅನ್ನುವ ಪ್ರಸಿದ್ಧ ಮಾತು 12ನೇ ಶತಮಾನದಲ್ಲಿ ಇದೇ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದ ಬರ್ನಾರ್ಡ್‌ನದು ಅಂತ ಹೇಳುತ್ತಾರೆ.

ನೆಲದಲ್ಲಿ ದೊಡ್ಡ ಸುರುಳಿ ದಾರಿ ಇದೆಯಂತೆ. ನನಗೆ ಕಾಣಲೇ ಇಲ್ಲ.

ಅದರ ಮೇಲೆ ಕುರ್ಚಿ ಹಾಕಿರುತ್ತಾರೆ. ಸಾಮಾನ್ಯವಾಗಿ ವಸಂತದಿಂದ ಶರತ್ಕಾಲದವರೆಗೆ, ಶುಕ್ರವಾರಗಳಲ್ಲಿ ಕುರ್ಚಿ ತೆಗೆದು ನಡೆಯಲು ಬಿಡುತ್ತಾರೆ. ಅಡ್ಡಳತೆ ಸುಮಾರು 13 ಮೀಟರ್, ದಾರಿಯ ಉದ್ದ 260 ಮೀಟರ್‌ಗೂ ಮೇಲೆ. ಕವಲು ಇಲ್ಲ, ಹಾಗಾಗಿ ದಾರಿ ತಪ್ಪುವ ಪ್ರಶ್ನೆಯೂ ಇಲ್ಲ. ನಡೆಯುತ್ತಾ ಹೋದರೆ ನಡುವಿಗೆ ಮುಟ್ಟುತ್ತೀರಿ. ನಡುವೆ ಹಿಂದೆ ಒಂದು ಲೋಹದ ಫಲಕವಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಫಿರಂಗಿ ಎರಕಕ್ಕೆ ಕಿತ್ತುಕೊಂಡು ಹೋದರು. ಮೊಳೆಗಳ ಗುರುತು ಇನ್ನೂ ಇದೆ.

ಪಶ್ಚಿಮದ ದುಂಡು ಕಿಟಕಿಯನ್ನು ಮಡಚಿ ನೆಲಕ್ಕೆ ಹಾಸಿದರೆ ಇದರ ಮೇಲೆ ಸರಿಯಾಗಿ ಕೂರುತ್ತದೆ ಅಂತ ಕೆಲವರು ಹೇಳುತ್ತಾರೆ. ಅಳತೆ ಹತ್ತಿರ ಹತ್ತಿರ ಬರುತ್ತದೆ, ಸರಿಯಾಗಿ ಕೂರುವುದಿಲ್ಲ.

ಬೇಸಿಗೆಯಲ್ಲಿ ನೆಲದ ಒಂದು ಬಿಂದುವಿನ ಮೇಲೆ ಬಿಸಿಲು ಬೀಳುತ್ತದಂತೆ?

ಹೌದು, ದಕ್ಷಿಣದ ಟ್ರಾನ್ಸೆಪ್ಟ್‌ನಲ್ಲಿ. ಒಂದು ಚಪ್ಪಡಿ ಉಳಿದವುಗಳ ಸಾಲಿಗೆ ಸೇರದೆ ಓರೆಯಾಗಿದೆ. ಅದರಲ್ಲಿ ಒಂದು ಲೋಹದ ಗುಬಟು. ಸಂತ ಅಪೊಲಿನೇರ್ ಕಿಟಕಿಯಲ್ಲಿರುವ ಸಣ್ಣ ತೂತಿನಿಂದ ಬಂದ ಬಿಸಿಲು, ಜೂನ್ 21ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದಾಗ ಅದರ ಮೇಲೆ ಬೀಳುತ್ತದೆ. ಗಡಿಯಾರದಲ್ಲಿ ಆಗ ಮಧ್ಯಾಹ್ನ 2ರ ಹತ್ತಿರ ಆಗಿರುತ್ತದೆ, ಫ್ರಾನ್ಸಿನ ಬೇಸಿಗೆ ಸಮಯ ಅಷ್ಟು ಮುಂದಿದೆ. ಇದರ ಸುತ್ತ ಮಾಟಮಂತ್ರದ ಕಥೆ ಕಟ್ಟಿದವರಿದ್ದಾರೆ. 18ನೇ ಶತಮಾನದ ಶುರುವಿನಲ್ಲಿ ಇಲ್ಲಿನ ಪಾದ್ರಿಯೊಬ್ಬರು ಮಾಡಿಸಿದ ಖಗೋಳದ ಏರ್ಪಾಡು, ಅಷ್ಟೇ.

ಕ್ವೈರ್ ಸುತ್ತಲಿನ ಕಲ್ಲಿನ ಕೆತ್ತನೆ, ಒಳಗಿನ ಅಮೃತಶಿಲೆಯ ಪೀಠ: ಇವು ಗಾಥಿಕ್ ಥರ ಕಾಣುವುದಿಲ್ಲವಲ್ಲ?

ಸರಿಯಾಗಿ ಗುರುತಿಸಿದ್ದೀರಿ. ಕ್ವೈರ್ ಸುತ್ತಲಿನ ಗೋಡೆಯ ಕೆಲಸ 1514ರಲ್ಲಿ ಜೆಹಾನ್ ದ ಬೋಸ್ ಎಂಬ ಮೇಸ್ತ್ರಿ ಶುರು ಮಾಡಿದ್ದು. ಶಿಲ್ಪಗಳು ಮುಗಿಯುವ ಹೊತ್ತಿಗೆ 18ನೇ ಶತಮಾನ ಬಂದಿತ್ತು. ಮೇರಿ ಮತ್ತು ಯೇಸುವಿನ ಬದುಕಿನ 40 ದೃಶ್ಯಗಳು, 200 ಮೂರ್ತಿಗಳು. ಒಂದು ಕಡೆಯಿಂದ ನಡೆಯುತ್ತಾ ಹೋದರೆ ಉಡುಪಿನ ಶೈಲಿ, ಮೈಕಟ್ಟು ಬದಲಾಗುವುದು ಕಾಣುತ್ತದೆ.

ಪೀಠದ ಹಿಂದೆ ಸ್ವರ್ಗಕ್ಕೇರುವ ಮೇರಿಯ ದೊಡ್ಡ ಮೂರ್ತಿ ಬ್ರಿದಾನ್ ಎಂಬ ಶಿಲ್ಪಿಯದು, 1773ರಲ್ಲಿ ಮುಗಿದದ್ದು. ಕ್ರಾಂತಿಯವರು ಒಡೆಯಲು ಬಂದಾಗ ಯಾರೋ ಅದರ ತಲೆಗೆ ಕ್ರಾಂತಿಯ ಕೆಂಪು ಟೋಪಿ ತೊಡಿಸಿ ಉಳಿಸಿದರು ಅಂತ ಕಥೆ. ನನಗೆ ಆ ಮೂರ್ತಿಗಿಂತ ಈ ಕಥೆಯೇ ಹಿಡಿಸುತ್ತದೆ. ಪೀಠಕ್ಕೂ ಜನರಿಗೂ ನಡುವೆ 13ನೇ ಶತಮಾನದ ಕೆತ್ತನೆಯ ಅಡ್ಡಗೋಡೆಯೊಂದಿತ್ತು. ಅದನ್ನು 1763ರಲ್ಲಿ ಕೆಡವಿದರು. ದೊಡ್ಡ ನಷ್ಟ.

ಗೋಡೆಗಳು ಈಗತಾನೇ ಸುಣ್ಣ ಬಳಿದ ಹಾಗಿವೆ. ಹಾಳು ಮಾಡಿದರಾ?

ಜಗಳ ಇನ್ನೂ ಮುಗಿದಿಲ್ಲ. ಮೇಣದಬತ್ತಿ ಮತ್ತು ದೀಪದ ಹೊಗೆಯಿಂದ ಒಳಭಾಗ ಕಪ್ಪುಗಟ್ಟಿತ್ತು. 2009ರಿಂದ ತೊಳೆಯುವ ದೊಡ್ಡ ಕೆಲಸ ನಡೆಯಿತು. ಮಸಿಯ ಅಡಿಯಲ್ಲಿ 13ನೇ ಶತಮಾನದ ಲೇಪ ಸಿಕ್ಕಿತು: ತಿಳಿ ಹಳದಿ ಬಣ್ಣ, ಅದರ ಮೇಲೆ ಬಿಳಿ ಗೆರೆ ಎಳೆದು ಬರೆದ ಕಲ್ಲಿನ ಸಂದಿಗಳು. ಅಂದರೆ ನಿಜವಾದ ಕಲ್ಲನ್ನು ಮುಚ್ಚಿ, ಅದರ ಮೇಲೆ ಅಚ್ಚುಕಟ್ಟಾದ ಕಲ್ಲಿನ ಚಿತ್ರ ಬರೆದಿದ್ದರು. ಹಾಳಾದ ಕಡೆ ಹೊಸದಾಗಿ ಬಳಿದು ಸರಿ ಮಾಡಿದರು.

2014ರ ಹೊತ್ತಿಗೆ ವಿರೋಧ ಜೋರಾಯಿತು. ಕತ್ತಲಿನಲ್ಲಿ ಹೊಳೆಯುತ್ತಿದ್ದ ಗಾಜು ಈಗ ಸಪ್ಪೆಯಾಗಿದೆ ಅನ್ನುವುದು ಒಂದು ದೂರು. ಇನ್ನೊಂದು, ಕಪ್ಪು ಮೇರಿ ಅಂತ ಹೆಸರಾಗಿದ್ದ 16ನೇ ಶತಮಾನದ ಮರದ ಮೂರ್ತಿಗೆ ಬಿಳಿ ಮುಖ ಬರೆದದ್ದು. ಗೋಡೆಯ ವಿಷಯದಲ್ಲಿ ನಾನು ತೊಳೆದವರ ಪರ. ಮಸಿ ಯಾವ ಮೇಸ್ತ್ರಿಯೂ ಬಯಸಿದ್ದಲ್ಲ. ಮೂರ್ತಿಯ ವಿಷಯದಲ್ಲಿ ಹಾಗನ್ನಲಾರೆ. ತಲೆಮಾರುಗಳಿಂದ ಜನ ಕೈಮುಗಿದದ್ದು ಕಪ್ಪು ಮುಖಕ್ಕೆ, ಅಲ್ವಾ?

ಬೆಂಕಿ, ಯುದ್ಧ ಇವುಗಳಿಂದ ಏನೂ ಆಗಲಿಲ್ಲವಾ?

ಆಗಿದೆ. 1836ರಲ್ಲಿ ಮರದ ಮಾಡು ಪೂರಾ ಉರಿದುಹೋಯಿತು. ಕೆಳಗಿನ ಕಲ್ಲಿನ ಛಾವಣಿ ತಡೆದುಕೊಂಡಿತು. ಒಳಗೆ ಕಾಣುವ ಕಲ್ಲಿನ ಛಾವಣಿ ಬೇರೆ, ಅದರ ಮೇಲೆ ಮಳೆ ತಡೆಯುವ ಮಾಡು ಬೇರೆ. ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಉರಿದಾಗಲೂ ಒಳಭಾಗವನ್ನು ಬಹುಪಾಲು ಕಾಪಾಡಿದ್ದು ಕಲ್ಲಿನ ಛಾವಣಿಯೇ. ಶಾರ್ತ್ರ್‌ನಲ್ಲಿ ಬೆಂಕಿಯ ನಂತರ ಎರಕದ ಕಬ್ಬಿಣದ ಮಾಡು ಕಟ್ಟಿ ತಾಮ್ರ ಹೊದಿಸಿದರು. ಹೊರಗಿನಿಂದ ಹಸಿರಾಗಿ ಕಾಣುವುದು ಅದು. 1939ರಲ್ಲಿ ಯುದ್ಧ ಹತ್ತಿರ ಬಂದಾಗ ಗಾಜುಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿ ದೂರ ಸಾಗಿಸಿದ್ದರು. ಇವತ್ತು ನಾವು ನೋಡುತ್ತಿರುವುದು ಆ ಮುಂದಾಲೋಚನೆಯಿಂದ.

ಮೈಸೂರಿನ ಫಿಲೋಮಿನಾ ಚರ್ಚ್ ನೋಡಿದ್ದೇನೆ. ಅದೂ ಇದೇ ತಾನೇ?

ಅದು ಗಾಥಿಕ್ ಶೈಲಿಯನ್ನು ಹೊಸ ಕಾಲದಲ್ಲಿ ಮತ್ತೆ ಕಟ್ಟಿದ್ದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಜರ್ಮನಿಯ ಕೊಲೋನ್ ಕೆಥೆಡ್ರಲ್ ಅದಕ್ಕೆ ಸ್ಫೂರ್ತಿ ಅಂತಾರೆ. ಶಿಲುಬೆಯ ನಕ್ಷೆ, ಚೂಪು ಕಮಾನು, ಬಣ್ಣದ ಗಾಜು ಎಲ್ಲ ಇವೆ. ಶಾರ್ತ್ರ್‌ಗೆ ಹೋಗುವ ಮೊದಲು ಅಲ್ಲಿ ಒಂದು ಸುತ್ತು ಹಾಕಿದರೆ ನೇವ್ ಯಾವುದು, ಟ್ರಾನ್ಸೆಪ್ಟ್ ಯಾವುದು ಅಂತ ಕಾಲಿಗೇ ಅಭ್ಯಾಸವಾಗುತ್ತದೆ. ಹಾಸನದ ಬಳಿ, ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಇನ್ನೊಂದು ಪಾಠ. ಮಾಡು ಹೋಗಿ, ಚೂಪು ಕಮಾನುಗಳು ಬಯಲಾಗಿ ನಿಂತಿವೆ.

ಒಂದೆರಡು ಗಂಟೆ ಮಾತ್ರ ಇದೆ. ಏನು ಮಾಡಲಿ?

ಬೆಳಿಗ್ಗೆ ಹೋಗಿ ಕೂತು ಕಣ್ಣು ಹೊಂದಿಸಿಕೊಳ್ಳಿ. ಬಲಗಡೆಯ ಸಾಲಿನಿಂದ ಶುರು ಮಾಡಿ, ಕ್ವೈರ್ ಬಳಸಿ, ಎಡದಿಂದ ವಾಪಸ್ ಬನ್ನಿ. ಪಶ್ಚಿಮದ ಕಿಟಕಿಗಳಿಗೆ ಸಂಜೆಯ ಬಿಸಿಲೇ ಬೇಕು, ಆಗುವುದಾದರೆ ಮಧ್ಯಾಹ್ನ ಊಟ ಮುಗಿಸಿ ಮತ್ತೆ ಒಳಗೆ ಹೋಗಿ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಗೋಪುರಕ್ಕೂ ನೆಲಮಾಳಿಗೆಗೂ ಟಿಕೆಟ್ ಬೇರೆ. ಪೂಜೆ ನಡೆಯುವ ಹೊತ್ತಿನಲ್ಲಿ ಓಡಾಟಕ್ಕೆ ತಡೆಯಿರುತ್ತದೆ, ಸಮಯ ನೋಡಿಕೊಂಡು ಹೋಗಿ. ಮೋಡವಿದ್ದರೆ ಬೇಜಾರು ಬೇಡ, ಮಂದ ಬೆಳಕಿನಲ್ಲೂ ನೀಲಿ ಚೆನ್ನಾಗಿಯೇ ಕಾಣುತ್ತದೆ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಒಂದು ಸ್ವೆಟರ್ ಇಟ್ಟುಕೊಳ್ಳಿ. ಬೈನಾಕ್ಯುಲರ್ ಅಂತೂ ಬೇಕೇ ಬೇಕು.